ಕಟ್ಟೆಯ ಮೇಲೆ ಗೆದ್ದ ಯುದ್ಧ

ಚಿಮಣಿ ಎಣ್ಣೆ ತಾಗಿದ ಹೊಸ ಪತ್ರಿಕೆಯ ವಾಸನೆ ಬಂದರೆ ನನಗೆ ಈಗಲೂ ಹಲ್ಲು ಬಿಗಿಯುತ್ತದೆ. ಮೊನ್ನೆ ಗಡಹಿಂಗ್ಲಜದ ಪೇಟೆಯಲ್ಲಿ ಅಂಗಡಿಯವನು ದೀಪದ ಬತ್ತಿಯನ್ನು ಅಂದಿನ ಪತ್ರಿಕೆಯಲ್ಲೇ ಸುತ್ತಿಕೊಟ್ಟ. ಆ ವಾಸನೆಯ ಹಿಂದೆಯೇ ಇಚಲಕರಂಜಿಯ ನಮ್ಮ ಮನೆ ಎದ್ದು ಬಂತು: ಸಗಣಿ ಸಾರಿಸಿದ ಪಡಸಾಲೆ, ಹಿತ್ತಲಿನ ಮಗ್ಗಗಳ ಸದ್ದು, ಗಂಜಿ ಹಾಕಿ ಒಣಗಿಸಿದ ನೂಲಿನ ಹುಳಿ ಕಂಪು, ಬೀದಿಗೆ ಮುಖ ಮಾಡಿದ ಕಲ್ಲುಕಟ್ಟೆ. ನಮ್ಮದು ಜೈನರ ಮನೆ. ಅಲ್ಲಿ ಪ್ರತಿಯೊಂದಕ್ಕೂ ಒಂದು ಹೊತ್ತಿತ್ತು. ನೀರು ಸೋಸುವ ಹೊತ್ತು, ಬಸ್ತಿಗೆ ಹೋಗಿ ಜಿನನಿಗೆ ಕೈ ಮುಗಿಯುವ ಹೊತ್ತು, ಶಾಲೆಯ ಪಾಠ ಒಪ್ಪಿಸುವ ಹೊತ್ತು. ಎಲ್ಲಕ್ಕಿಂತ ಮುಖ್ಯವಾಗಿ ಸಂಜೆಯ ಊಟ ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು; ಆಮೇಲೆ ಹಾಲು ಕುಡಿಯುವ ಕೂಸನ್ನು ಬಿಟ್ಟರೆ ಯಾರಿಗೂ ಏನೂ ಇಲ್ಲ. ಈ ಶಿಸ್ತನ್ನು ನಡೆಸುತ್ತಿದ್ದವಳು ಅತ್ತಿ, ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ಒಬ್ಬನೇ ಮಗ ಬಾಳುವನ್ನು ಎತ್ತಿಕೊಂಡು ತವರಿಗೆ ಬಂದು ಅಡುಗೆಮನೆಯ ಯಜಮಾನಿಕೆ ಹಿಡಿದವಳು. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುವುದನ್ನು ನಾನು ಅವಳಿಂದ ಕಲಿತೆ. ಹಗೆಯನ್ನೂ ಹೊತ್ತು ತಪ್ಪಿಸದೆ ಸಾಧಿಸಬೇಕು ಎಂಬುದನ್ನೂ ಅವಳಿಂದಲೇ ಕಲಿತೆ.

ಪತ್ರಿಕೆ ಬರುತ್ತಿದ್ದದ್ದು ಕಾಕಾನಿಗಾಗಿ. ಕಾಕಾ ಅಪ್ಪನ ತಮ್ಮ. ಹರೆಯದಲ್ಲಿ ಕೆಲವು ತಿಂಗಳು ಕೊಲ್ಲಾಪುರದ ಕುಸ್ತಿ ತಾಲೀಮಿನಲ್ಲಿ ಮಣ್ಣು ಮೈಗೆ ಹಚ್ಚಿಕೊಂಡಿದ್ದ. ಕುಸ್ತಿ ಆಡಿದವರ ಕಿವಿ ಮುರಿದಿರುತ್ತದೆ, ಇವನ ಕಿವಿ ಮಾತ್ರ ಹುಟ್ಟಿದ ದಿನ ಇದ್ದ ಹಾಗೆಯೇ ಇತ್ತು. ಪೈಲವಾನನಿಗೆ ಸಂಸಾರ ಬೇಡವೆಂದು ಮದುವೆಯನ್ನೂ ಆಗಲಿಲ್ಲ. ಮಧ್ಯಾಹ್ನದ ಮೋಟಾರಿನಲ್ಲಿ ಚಿಮಣಿ ಎಣ್ಣೆಯ ಡಬ್ಬಿಗಳ ನಡುವೆ ಬಂದ ಪತ್ರಿಕೆಯನ್ನು ಕಟ್ಟೆಯ ಮೇಲೆ ಬಿಚ್ಚಿದನೆಂದರೆ ಬೀದಿಯ ಮಂದಿ ಸೇರುತ್ತಿತ್ತು. ಲೋಕದ ರಾಜ್ಯಗಳೆಲ್ಲ ಅವನಿಗೆ ಜಟ್ಟಿಗಳು, ಮಹಾಯುದ್ಧ ಅವರ ಅಖಾಡ.

"ಜರ್ಮನಿ ಅಂದ್ರ ಹರೇದ ಪೈಲವಾನ. ಫ್ರಾನ್ಸಂದು ತೊಡಿ ಮೆತ್ತಗ, ಅದಕ್ಕ ಚಿತ್ ಬಿದ್ದ," ಎನ್ನುತ್ತಿದ್ದ.

"ಮತ್ತ ಇಂಗ್ಲೀಷರು, ಅಪ್ಪಾಸಾಹೇಬ?" ಎಂದು ಮಗ್ಗದ ಮೇಸ್ತ್ರಿ ರಾಮಭಾವು ಕಾಕಾನನ್ನು ಕೇಳುತ್ತಿದ್ದ.

"ಮುದಿ ಪೈಲವಾನ. ಆದ್ರ ಖುರಾಕ ನೋಡು ಅವಂದು. ಅರ್ಧಾ ಜಗತ್ತಿನ ತುಪ್ಪ ಅವನ ಹೊಟ್ಟ್ಯಾಗ ಐತಿ."

"ಬರೋಬರ," ಎನ್ನುತ್ತಿದ್ದ ರಾಮಭಾವು. ಮಂದಿ ತಲೆಯಾಡಿಸುತ್ತಿತ್ತು. ಒಮ್ಮೆ ನಾನು ಶಾಲೆಯ ನಕ್ಷೆ ತಂದು ಜಪಾನು ಎಲ್ಲಿದೆ, ಬರ್ಮಾ ಎಲ್ಲಿದೆ ಎಂದು ತೋರಿಸಹೋದೆ. "ನಕ್ಷಾ ಒಳಗಿಡ ತಂಗೀ. ಗಂಡಸಿಗೆ ಅಂದಾಜು ಸಾಕು," ಅಂದ. ಒಳಗೆ ಅತ್ತಿ ರೊಟ್ಟಿ ಬಡಿಯುತ್ತಿದ್ದಳು. ಕಟ್ಟೆಯ ಮಾತುಗಳನ್ನೆಲ್ಲ ಅವಳು ಹಾಗೆ ರೊಟ್ಟಿಯ ಸದ್ದಿನ ನಡುವೆಯೇ ಕೇಳಿದವಳು.

ಅತ್ತಿಯ ಮಗ ಬಾಳಣ್ಣ ಆಗ ರಂಗೂನಿನಲ್ಲಿದ್ದ, ಕೊಲ್ಲಾಪುರದ ಬಟ್ಟೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ. ಮೆತ್ತಗೆ ಮಾತಾಡುವವನು, ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುವವನು. ಆ ವರ್ಷ ದೀಪಾವಳಿಗೆ ಬಂದಾಗ ನನಗೊಂದು ಬಣ್ಣದ ಬರ್ಮಾ ಛತ್ರಿ ತಂದಿದ್ದ. ಮಳೆಯಿಲ್ಲದಿದ್ದರೂ ನಾನು ಅದನ್ನು ಹಿಡಿದು ಬಸ್ತಿಗೆ ಹೋದೆ. ಅವನು ಹೊರಡುವ ಹಿಂದಿನ ಸಂಜೆ ಅತ್ತಿ ಕಟ್ಟೆಯ ಬಾಗಿಲಿಗೆ ಬಂದು ನಿಂತಳು. ಹೆಂಗಸರು ಅಲ್ಲಿಗೆ ಬರುವ ರೂಢಿಯಿರಲಿಲ್ಲ.

"ಈ ಸಲ ಹೋಗೂದ ಬ್ಯಾಡ ಅನ್ನು ಅವಗ. ನಿನ್ನ ಮಾತು ಕೇಳ್ತಾನ," ಅಂದಳು ಕಾಕಾನಿಗೆ.

"ಅಲ್ಲಿ ಮಂದಿ ಹೆಂಡ್ರು ಮಕ್ಕಳ್ನ ಊರಿಗೆ ಕಳಸಾಕತ್ತಾರ್ರಿ ಕಾಕಾ," ಎಂದ ಬಾಳಣ್ಣ. "ಜಪಾನದವ್ರು ಬರ್ತಾರಂತಾರ."

ಕಾಕಾ ಪತ್ರಿಕೆಯನ್ನು ಮಡಿಚಿ ತೊಡೆಯ ಮೇಲೆ ಹೊಡೆದುಕೊಂಡ. "ಜಪಾನ ಗಿಡ್ಡ ಪೈಲವಾನ. ಎದುರಿಗೆ ಇಂಗ್ಲೀಷ, ಬೆನ್ನಿಗೆ ಅಮೆರಿಕಾ. ಬರೇ ತೊಡಿ ತಟ್ಟತಾನ, ಅಖಾಡಕ್ಕ ಇಳಿಯೂದಿಲ್ಲ. ಅಷ್ಟಕ್ಕ ಅಂಜಿ ಅವ್ವನ ಸೆರಗಿನಾಗ ಕುಂಡ್ರಾವೇನು? ಬಳಿಗಾರಗ ಹೇಳ್ಲೇನು, ಒಂದ ಡಜನ್ ಬಳಿ ತರಾಕ?"

ಮಂದಿ ನಕ್ಕಿತು. ಬಾಳಣ್ಣನ ಮುಖ ಕೆಂಪಾಯಿತು. ಮುಂಜಾನೆಯ ಮೋಟಾರಿಗೆ ಅವನು ಹತ್ತಿದ.

ಚಳಿಗಾಲದಲ್ಲಿ ರಂಗೂನಿನ ಮೇಲೆ ಬಾಂಬು ಬಿತ್ತು. ಆ ದಿನದ ಪತ್ರಿಕೆಯನ್ನು ಕಾಕಾ ಓದಿ ಅದರ ಮೇಲೆಯೇ ಕುಳಿತುಬಿಟ್ಟ, ಯಾರಿಗೂ ಕೊಡಲಿಲ್ಲ. ಬೇಸಿಗೆಯ ಹೊತ್ತಿಗೆ ಅಂಗಡಿಯ ಇನ್ನೊಬ್ಬ ಹುಡುಗ ಎಲುಬಿನ ಗೂಡಾಗಿ ಊರು ಮುಟ್ಟಿದ. ಬರ್ಮಾ ಬಿಟ್ಟು ಓಡುವ ಮಂದಿಯ ಜೊತೆ ಇಬ್ಬರೂ ಕಾಡಿನ ಗುಡ್ಡಗಳಲ್ಲಿ ನಡೆದು ಬರುತ್ತಿದ್ದರಂತೆ. ಬಾಳಣ್ಣ ಜ್ವರ ಬಂದು ಹಾದಿಯ ಪಕ್ಕ ಕುಳಿತನಂತೆ. ಇವನು ನೀರು ಹುಡುಕಿ ತಿರುಗಿ ಬರುವಷ್ಟರಲ್ಲಿ ಆ ಮಂದಿಯ ಹೊಳೆಯಲ್ಲಿ ಅವನು ಕಾಣಲಿಲ್ಲವಂತೆ. ಅತ್ತಿ ಅಳಲಿಲ್ಲ. ಆ ಹುಡುಗನಿಗೆ ಊಟ ಬಡಿಸಿ, ಬುತ್ತಿ ಕಟ್ಟಿ ಕಳಿಸಿದಳು. ಅದೇ ಸಂಜೆ ಕಟ್ಟೆಯ ಮೇಲೆ ಕಾಕಾ ಹೇಳುತ್ತಿದ್ದ: "ಇಂಗ್ಲೀಷ ಬೇಕಂತನ ಹಿಂದ ಸರದಾನ. ಇದು ಪಟ್ಟು. ಒಳಗ ಬಿಟ್ಟುಕೊಂಡು ಮ್ಯಾಲಿಂದ ಹಾಕ್ತಾನ ನೋಡ್ರಿ."

ಮಾತು ಮುಗಿಸಿ ಒಳಗೆ ಬಂದು ಮಣೆಯ ಮೇಲೆ ಕುಳಿತ. ಬಿಸಿಲು ಇನ್ನೂ ಹಿತ್ತಲ ಗೋಡೆಯ ಮೇಲಿತ್ತು. ಅತ್ತಿ ಖಾಲಿ ತಾಟು ಹಿಡಿದು ಅವನೆದುರು ಕುಳಿತಳು.

"ರಾಜರ ಹೊಟ್ಟ್ಯಾಗಿಂದೆಲ್ಲಾ ನಿನಗ ಗೊತ್ತೈತಿ. ನನ್ನ ಮಗ ಎಲ್ಲ್ಯದಾನ ಹೇಳು, ಬಡಸ್ತೇನಿ."

"ಅದ ಹೆಂಗ ಹೇಳ್ಲಿ ಅಕ್ಕಾ?"

"ಅಂದಾಜಲೆ ಹೇಳು. ಗಂಡಸಿಗೆ ಅಷ್ಟ ಸಾಕಂತ."

ಬಿಸಿಲು ಗೋಡೆ ಹತ್ತಿ, ಹಂಚು ಹತ್ತಿ, ಹೋಯಿತು. ಅತ್ತಿ ಎದ್ದು ಒಲೆಗೆ ನೀರು ಹಾಕಿದಳು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಅಪ್ಪ ಒಂದು ಸಲ ಬಾಯಿ ತೆರೆದು, ಅತ್ತಿಯ ಮುಖ ನೋಡಿ, ತಮ್ಮ ರೊಟ್ಟಿಗೆ ತಿರುಗಿಕೊಂಡರು. ಕಾಕಾ ಮಾತಿನ ಮನುಷ್ಯ. ಸೋಲಿಗೂ ಒಂದು ಗೆಲುವಿನ ಹೆಸರು ಹುಡುಕಿದ. ಬಸ್ತಿಯಲ್ಲಿ ಎಲ್ಲರೆದುರು, ಬದುಕಿರುವ ತನಕ ದಿನಕ್ಕೆ ಮಧ್ಯಾಹ್ನದ ಒಂದೇ ಊಟವೆಂದು ಏಕಾಶನದ ವ್ರತ ಹಿಡಿದ. ಊರು ಕೈ ಮುಗಿಯಿತು. ಅತ್ತಿ ಸುದ್ದಿ ಕೇಳಿ ಹೋಳಿಗೆಗೆ ಕಡಲೆಬೇಳೆ ನೆನೆಹಾಕಿದಳು. ಮರುಸಂಜೆ ಕಟ್ಟೆಯ ತನಕ ತುಪ್ಪದ ಕಂಪು ಹೋಗುವಂತೆ ಹೋಳಿಗೆ ಬೇಯಿಸಿ, ಮಂದಿಯೆದುರು ಬಂದು, "ತಮ್ಮಾ, ಊಟಕ್ಕ ಏಳು. ಇವತ್ತಿಂದ ಏನೂ ಕೇಳೂದಿಲ್ಲ," ಅಂದಳು. ವ್ರತ ಹಿಡಿದವನು ಏಳುವಂತಿರಲಿಲ್ಲ. ರಾಮಭಾವು ಮೀಸೆ ಒರೆಸಿಕೊಂಡು ಬೀದಿಯ ಕಡೆ ನೋಡಿದ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಸಂಜೆಯ ಅಡುಗೆ ದಿನವೂ ಹಿಂದೆಂದೂ ಇಲ್ಲದಷ್ಟು ರುಚಿಯಾಗತೊಡಗಿತು. ಕಟ್ಟೆಯ ಮಂದಿ ಒಬ್ಬೊಬ್ಬರಾಗಿ ಕರಗಿದರು. ನನಗೆ ಸಂತೋಷವಾಯಿತು. ಈಗ ನೆನೆದರೂ ಆಗುತ್ತದೆ.

ಭಾದ್ರಪದದ ಪರ್ವ ಮುಗಿದ ಮೇಲೆ ನಮ್ಮಲ್ಲಿ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ ಬರುತ್ತದೆ. ಚಿಕ್ಕವರು ದೊಡ್ಡವರನ್ನು, ದೊಡ್ಡವರು ಚಿಕ್ಕವರನ್ನು, ಎಲ್ಲರೂ ಎಲ್ಲ ಜೀವಗಳನ್ನು. ಯುದ್ಧ ನಿಂತ ವರ್ಷ, ಬರ್ಮಾದಿಂದ ಬರುವವರೆಲ್ಲ ಬಂದು ಮುಗಿದ ಮೇಲೆ, ಕಾಕಾ ಆ ದಿನ ಅಡುಗೆಮನೆಯ ಹೊಸ್ತಿಲಿಗೆ ಬಂದ. ಕುತ್ತಿಗೆ ತೆಳುವಾಗಿತ್ತು, ಅಂಗಿ ಭುಜದಿಂದ ಜೋತಿತ್ತು. ಕೈ ಜೋಡಿಸಿ, "ಅಕ್ಕಾ, ಕ್ಷಮಾ ಮಾಡು," ಅಂದ. ಅವನ ಬಾಯಿಂದ ಅಷ್ಟು ಚಿಕ್ಕ ಮಾತನ್ನು ನಾನು ಮೊದಲು ಕೇಳಿದ್ದು ಅಂದೇ.

ಅತ್ತಿ ಕೈ ಒರೆಸಿಕೊಂಡಳು. "ಹುಳಾ ಹುಪ್ಪಡಿ ಎಲ್ಲಾದಕ್ಕೂ ಮಾಡೇನಿ. ಬಾಂಬ್ ಹಾಕಿದಾಂವಗೂ ಮಾಡೇನಿ, ಅವಾ ನಮ್ಮ ಮಗನ ಮುಖಾ ನೋಡಿರಲಿಲ್ಲ. ನಿನ್ನ ಕ್ಷಮಾ ನನ್ನ ಕೈಯಾಗಿಲ್ಲಪಾ. ಬಾಳು ಬಂದು ಮಾಡ್ತಾನ."

ಇಂಥ ಒಬ್ಬ ಕಾಕಾ ನಿಮ್ಮ ಮನೆಯ ಕಟ್ಟೆಯಲ್ಲೂ ಇದ್ದಿರಬಹುದು. ಅವರೆಲ್ಲ ಕೆಟ್ಟವರಲ್ಲ ಎಂದು ಹೇಳುವುದು ರೂಢಿ, ನಾನು ಹೇಳುವುದಿಲ್ಲ. ಅತ್ತಿ ಹೋದಳು, ಕೆಲವು ವರ್ಷಗಳ ಮೇಲೆ ಕಾಕಾನೂ ಹೋದ. ಮನೆ ಇದ್ದ ಜಾಗದಲ್ಲಿ ಈಗ ಯಂತ್ರದ ಮಗ್ಗಗಳು ಹಗಲೂ ರಾತ್ರಿ ಓಡುತ್ತವೆ. ಅಲ್ಲಿ ನಿಂತು ಮಾತಾಡಿದರೆ ಪಕ್ಕದವರಿಗೂ ಕೇಳಿಸದು. ನಾನು ಮದುವೆಯಾಗಿ ಬಂದ ಈ ಗಡಹಿಂಗ್ಲಜದಲ್ಲಿ ಪ್ರತಿ ವರ್ಷ ಆ ಕ್ಷಮೆಯ ದಿನ ಬೆಳಗ್ಗೆ ಮಿಂದು, ತೀರಿದವರನ್ನೂ ಇದ್ದವರನ್ನೂ ಒಬ್ಬೊಬ್ಬರಾಗಿ ನೆನೆದು ಕೈ ಮುಗಿಯುತ್ತೇನೆ. ಕಾಕಾನ ಸರದಿ ಬಂದಾಗ ಕೈ ಕೆಳಗಿಳಿಸುತ್ತೇನೆ. ಬಾಳಣ್ಣ ಇನ್ನೂ ಬಂದಿಲ್ಲ.