ಬಲಕ್ಕೆ ಬಿದ್ದ ಹೂ

ಬೆಳಿಗ್ಗೆ ಪಕ್ಕದ ಮನೆಯ ಸುಮಿತ್ರಾ ಬಾಳೆಎಲೆಯ ಚೂರಿನಲ್ಲಿ ಕೇಪಳದ ಹೂ ತಂದು ನನ್ನ ಮುಂದಿಟ್ಟಳು. ಅವಳ ಎದೆಯ ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾಗಿ ವಾರವಾಗಿದೆ. ಪೂರ್ತಿ ಮೊಲೆ ತೆಗೆಸಬಹುದು, ಇಲ್ಲವೇ ಗಡ್ಡೆಯನ್ನಷ್ಟೇ ತೆಗೆಸಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಬಹುದು, ಯೋಚಿಸಿ ಹೇಳಿ ಎಂದಿದ್ದಾರಂತೆ ಡಾಕ್ಟರು.

"ನಿಮ್ಮೂರ ದೇವ್ರ ಹತ್ರ ಪ್ರಸಾದ ಕೇಳ್ಸಿ ಕೊಡಿ ಅಕ್ಕಾ" ಎಂದಳು.

ಪ್ರಸಾದ ಕೇಳುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಭಟ್ಟರು ಒದ್ದೆ ಮೂರ್ತಿಗೆ ಹೂ ಅಂಟಿಸುತ್ತಾರೆ, ಮನೆಯ ಹಿರಿಯರು ಪ್ರಶ್ನೆ ಇಡುತ್ತಾರೆ. ಬಲಗಡೆಯ ಹೂ ಬಿದ್ದರೆ ದೇವರು ಒಪ್ಪಿದ ಹಾಗೆ. ಹೊಸನಗರದ ಹತ್ತಿರದ ನಮ್ಮೂರಲ್ಲಿ ಕಳೆದುಹೋದ ಎಮ್ಮೆಯಿಂದ ಹಿಡಿದು ಹೆಣ್ಣಿನ ಮದುವೆಯವರೆಗೆ ಎಲ್ಲದಕ್ಕೂ ಇದೇ ದಾರಿ. ಎಸ್ಸೆಸ್ಸೆಲ್ಸಿ ಪಾಸಾಗುತ್ತೇನೆಯೇ ಎಂದು ನಾನೂ ಕೇಳಿಸಿದ್ದೆ. ದೇವರು ಒಪ್ಪಿದ, ಗಣಿತದ ಪೇಪರು ತಿದ್ದಿದವರು ಒಪ್ಪಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಸರೋಜ ಚಿಕ್ಕಮ್ಮನ ಎದೆಯಲ್ಲಿ ಗಂಟಾಯಿತು. ತೀರ್ಥಹಳ್ಳಿಯ ಡಾಕ್ಟರು, ಹುಲಿಕಲ್ ಘಾಟಿ ಇಳಿದು ದೊಡ್ಡಾಸ್ಪತ್ರೆಗೆ ಹೋಗಿ, ಆಪರೇಷನ್ ಮಾಡಿಸಿ ಎಂದರು. ಊರಿನವರು ಸಾಗರದ ಕಡೆಯ ಬೇರಿನ ಲೇಪ ಹೊಗಳಿದರು. ದೊಡ್ಡಪ್ಪ ಪ್ರಸಾದ ಕೇಳಿಸಿದರು.

"ಆಪರೇಷನ್ ಬ್ಯಾಡ, ಬೇರಿನ ಮದ್ದಲ್ಲೇ ವಾಸಿ ಆಗ್ತದೆ ಅಂತಿದ್ರೆ ಬಲಕ್ಕೆ ಕೊಡು ಸ್ವಾಮಿ."

ದೊಡ್ಡಪ್ಪ ಕೆಟ್ಟವರಲ್ಲ. ಕತ್ತರಿ ಎಂದರೆ ಅವರಿಗೇ ಭಯ. ಆ ಭಯವೇ ಪ್ರಶ್ನೆಯಾಗಿತ್ತು. ಚಿಕ್ಕಮ್ಮ ಕಂಬದ ಪಕ್ಕ ಕಣ್ಣುಮುಚ್ಚಿ ನಿಂತಿದ್ದಳು. ಹೂ ಬಲಕ್ಕೆ ಬಿತ್ತು. ಎಲ್ಲರೂ ನಿಟ್ಟುಸಿರು ಬಿಟ್ಟು ತೀರ್ಥ ತೆಗೆದುಕೊಂಡೆವು.

ಮಳೆಗಾಲ ಕಳೆಯುವಷ್ಟರಲ್ಲಿ ಗಂಟು ಒಡೆದು ಹುಣ್ಣಾಯಿತು. ಅದೇ ಡಾಕ್ಟರು ಈಗ ತಡವಾಯಿತು ಎಂದರು. ಒಂದು ಮಧ್ಯಾಹ್ನ ಹುಣ್ಣಿಗೆ ಕಟ್ಟಿದ ಬಟ್ಟೆ ಬದಲಾಯಿಸುತ್ತಿದ್ದ ನನ್ನ ಅಮ್ಮನಿಗೆ ಚಿಕ್ಕಮ್ಮ ಹೇಳಿದಳು:

"ತೆಗ್ದುಬಿಡ್ಲಿ ಅಂತಾನೇ ಇತ್ತು ಅಕ್ಕಾ ನಂಗೆ. ಮಕ್ಳು ಹಾಲು ಕುಡ್ದಾಯ್ತು, ಇನ್ನು ಅದೆಂತಕ್ಕೆ? ನಂಗೆ ಮಕ್ಳ ಜೊತೆ ಇದ್ರೆ ಸಾಕಿತ್ತು."

"ಆವಾಗ್ಲೇ ಹೇಳ್ಬಾರ್ದಿತ್ತೇನೆ?"

"ಯಾರೂ ಕೇಳ್ಲಿಲ್ಲಲ್ಲ. ಹೂ ಬಿದ್ಮೇಲೆ ಹೇಳೋಕಾಗ್ತದಾ?"

ಸುಗ್ಗಿಯ ಹೊತ್ತಿಗೆ ಚಿಕ್ಕಮ್ಮ ಇರಲಿಲ್ಲ. ದೇವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ, ಕೇಳಿದ್ದಕ್ಕೆ ಅವನು ಉತ್ತರ ಕೊಟ್ಟ ಅಷ್ಟೆ. ಆದರೆ ಯಾರೂ ಕೇಳಲಿಲ್ಲ ಎಂದ ಚಿಕ್ಕಮ್ಮನ ಮಾತು ಮರೆತಿಲ್ಲ.

ಕಾಫಿಗೆ ಹಾಲಿಟ್ಟು ಬಂದು ಸುಮಿತ್ರಾಳ ಪಕ್ಕ ಕೂತೆ. "ಹೂವಿನ ಮಾತು ಆಮೇಲೆ. ನಿಂಗೆ ಯಾವ್ದು ಬೇಕು ಮಾರಾಯ್ತಿ?"

"ನಂಗಾ?" ಎಂದು ಗಾಬರಿಯಿಂದ ನೋಡಿದಳು. ಎಲೆಯ ಅಂಚನ್ನು ಮಡಚಿದಳು, ಬಿಡಿಸಿದಳು. "ಗಡ್ಡೆ ಅಷ್ಟೇ ತೆಗ್ಸಿ ಕರೆಂಟು ಕೊಡ್ಸೋದು. ಎಷ್ಟು ಸಲ ಓಡಾಡಿದ್ರೂ ಅಡ್ಡಿಲ್ಲ."

ಎದ್ದು ಹೋಗಿ ನೋಡಿದರೆ ಹಾಲು ಇನ್ನೂ ಉಕ್ಕಿರಲಿಲ್ಲ. ಚಿಕ್ಕಮ್ಮನನ್ನು ಕೇಳಿದ್ದರೂ ಇಷ್ಟೇ ಹೊತ್ತು ಹಿಡಿಯುತ್ತಿತ್ತು.