ಅಕ್ಕ ಹಗ್ಗ ಕಟ್ಟಿದ ಹಡಗು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹಡಗುಗಳಿದ್ದವು. ಮನೆಯವರಾರೂ ಸಮುದ್ರ ಕಂಡವರಲ್ಲ. ಅಪ್ಪ ದೇವಾಪುರದ ಬಡಗಿ. ನಾರಾಯಣಪುರದಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟುವಾಗ ಅಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದ. ಸಿಬ್ಬಂದಿಯ ಕ್ವಾರ್ಟರ್ಸ್‌ನಲ್ಲಿ ನಮಗೆ ಎರಡು ಕೋಣೆಯ ಮನೆ ಕೊಟ್ಟಿದ್ದರು. ಕಲ್ಲಿನ ಗೋಡೆ, ಮೇಲೆ ತಗಡು, ಕೆಳಗೆ ಪರಸಿ ಕಲ್ಲಿನ ನೆಲ. ಬೇಸಿಗೆಯಲ್ಲಿ ಆ ನೆಲವೊಂದೇ ತಂಪು. ಅಪ್ಪ, ಅಕ್ಕ, ನಾನು ಮೂವರೂ ಅಲ್ಲೇ ಕೂತು ಹಡಗು ಮಾಡುತ್ತಿದ್ದೆವು. ಮಕ್ಕಳೇ, ನೀವು ಸುರಪುರದ ಅಜ್ಜಿ ಎಂದು ಕರೆಯುತ್ತೀರಲ್ಲ, ಅವಳೇ ಆ ಅಕ್ಕ.

ಈ ಹುಚ್ಚು ಹತ್ತಿಸಿದವನು ಅಣೆಕಟ್ಟಿನ ಲಾಂಚ್ ದೋಣಿ ನಡೆಸುತ್ತಿದ್ದ ಕಾರವಾರದ ಒಬ್ಬ ಮನುಷ್ಯ. ಬೇರೆ ಕಡೆ ವರ್ಗವಾಗಿ ಹೋಗುವಾಗ ಹಳೆಯ ಹಾಯಿಹಡಗಿನ ಒಂದು ದೊಡ್ಡ ನಕ್ಷೆಯನ್ನು ಅಪ್ಪನ ಕೈಗೆ ಕೊಟ್ಟು ಹೋಗಿದ್ದ. ಹೋಗುವ ಮೊದಲು ಅಕ್ಕನಿಗೆ ನಾಲ್ಕಾರು ಬಗೆಯ ಗಂಟು ಕಲಿಸಿದ್ದ. ಆ ನಕ್ಷೆ ಮಡಚಿ ಮಡಚಿ ಮಡಿಕೆಗಳಲ್ಲಿ ಹರಿದಿತ್ತು. ಅದರ ಹಿಂದೆ ಅವ್ವನ ಹಳೆಯ ಸೀರೆಯ ತುಂಡನ್ನು ಅಂಟಿಸಿ ಅಪ್ಪ ಗೋಡೆಗೆ ತೂಗುಹಾಕಿದ್ದ.

ಮೊದಲು ಮಾಡಿದ ಎರಡು ಹಡಗುಗಳು ಸಣ್ಣವು. ಮೂರನೆಯದು ನನ್ನ ತೋಳಿಗಿಂತ ಉದ್ದವಿತ್ತು. ಮೂರು ಹಾಯಿಕಂಬ, ಹನ್ನೊಂದು ಹಾಯಿ. ಯಂತ್ರಗಳು ಬರುತ್ತಿದ್ದ ಪೆಟ್ಟಿಗೆಗಳ ಹಲಗೆಯನ್ನು ಅಪ್ಪ ಬೆರಳಗಲದ ಪಟ್ಟಿಗಳಾಗಿ ಸೀಳುತ್ತಿದ್ದ. ಬಿಸಿನೀರಲ್ಲಿ ನೆನೆಸಿದ ಪಟ್ಟಿಯನ್ನು ಬಾಗಿಸಿ, ಪಕ್ಕೆಲುಬಿನಂಥ ಚೌಕಟ್ಟಿಗೆ ಒಂದೊಂದಾಗಿ ಕೂಡಿಸುತ್ತಿದ್ದ. ಒಲೆಯ ಮೇಲೆ ಬಡಗಿಗಳ ಅಂಟು ಕುದಿಯುತ್ತಿತ್ತು. ಅದರ ವಾಸನೆಗೆ ಅವ್ವ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಅಂಟು ಕಲಕುವುದು ನನ್ನ ಕೆಲಸ. ಹಲಗೆ ನುಣುಪಾಗುವವರೆಗೆ ಪಾಲಿಶ್ ಕಾಗದದಿಂದ ಉಜ್ಜುವುದೂ ನನ್ನದೇ.

ಹಗ್ಗವೆಲ್ಲ ಅಕ್ಕನದು. ಹೊಲಿಯುವ ದಾರವನ್ನು ಚಹಾದ ನೀರಲ್ಲಿ ಅದ್ದಿ ಬಣ್ಣ ಕಟ್ಟುತ್ತಿದ್ದಳು, ಒಣಗಿದ ಮೇಲೆ ಜೇನುಮೇಣ ಸವರುತ್ತಿದ್ದಳು. ಕಂಬದಿಂದ ಹಡಗಿನ ಅಂಚಿಗೆ ಇಳಿಯುವ ಹಗ್ಗಗಳಿಗೆ ಅಡ್ಡಡ್ಡ ದಾರ ಕಟ್ಟಿ, ಇರುವೆ ಹತ್ತುವಂಥ ಸಣ್ಣ ನೂಲೇಣಿ ಮಾಡುತ್ತಿದ್ದಳು. ಒಂದೊಂದು ಮೆಟ್ಟಿಲಿಗೂ ಐದಾರು ಗಂಟು. ಒಂದು ಸಡಿಲಾದರೆ ಇಡೀ ಏಣಿಯೇ ಸೊಟ್ಟ. ಒಂದು ಕಂಬದ ಗಂಟುಗಳನ್ನು ಎಣಿಸಲು ಕೂತು ನಡುವೆಯೇ ಲೆಕ್ಕ ತಪ್ಪಿ ಬಿಟ್ಟುಬಿಟ್ಟಿದ್ದೆ. ಅಕ್ಕ ಕಟ್ಟುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಗಂಟು ಬಿಗಿದ ಮೇಲೆ ಹಲ್ಲಿನಿಂದ ದಾರ ಕಡಿದು, ಅಪ್ಪನ ಕಡೆ ನೋಡಿ ನಗುತ್ತಿದ್ದಳು.

ಆ ನಗು ನನಗೆ ಸಹಿಸಲಾಗುತ್ತಿರಲಿಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಅಪ್ಪ ನಾನು ಉಜ್ಜಿದ ಹಲಗೆಯನ್ನು ಮುಟ್ಟಿ "ಇನ್ನಷ್ಟು ತಿಕ್ಕು" ಅನ್ನುತ್ತಿದ್ದ. ಅಕ್ಕನ ಗಂಟು ನೋಡಿದಾಗ ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ನೋಡುತ್ತಲೇ ಇರುತ್ತಿದ್ದ. ಅಕ್ಕ ಆಗ ಶಾಲೆಗೆ ಹೋಗುತ್ತಿರಲಿಲ್ಲ. ಅವ್ವನಿಗೆ ಬಹಳ ದಿನ ಜ್ವರ ಬಂದಾಗ ಏಳನೆಯ ಇಯತ್ತೆಗೆ ಬಿಟ್ಟವಳು ಮತ್ತೆ ಹೋಗಲಿಲ್ಲ. ರೊಟ್ಟಿ ಬಡಿದು, ನೀರು ಹೊತ್ತು, ಉಳಿದ ಹೊತ್ತಲ್ಲಿ ಅವಳಿಗೆ ಇದ್ದದ್ದು ಆ ಹಡಗು ಒಂದೇ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಕೈಕೆಲಸದ ಪ್ರದರ್ಶನ ಇಟ್ಟರು. ಎಂಜಿನಿಯರರ ಮಕ್ಕಳು ಕರೆಂಟಿನ ಗಂಟೆ, ದೀಪ ಹೊತ್ತುವ ಮನೆ ತರುವವರಿದ್ದರು. ಹಡಗು ತೊಗೊಂಡು ಹೋಗಲೇನು ಎಂದು ಕೇಳಿದೆ. ಅಪ್ಪ ಅಕ್ಕನ ಮುಖ ನೋಡಿದ. "ಒಯ್ಯಲಿ ಬಿಡಪ್ಪ. ಮಂದಿ ನೋಡಲಿ" ಎಂದಳು ಅಕ್ಕ.

ಪ್ರದರ್ಶನದ ದಿನ ಬೆಳಿಗ್ಗೆ ನಾನೂ ಅಕ್ಕನೂ ಒಂದೊಂದು ತುದಿ ಹಿಡಿದು ಹಡಗನ್ನು ಶಾಲೆಗೆ ಹೊತ್ತು ತಂದೆವು. ದಾರಿಯುದ್ದಕ್ಕೂ ಕಲ್ಲು ಒಡೆಯುವ ಯಂತ್ರದ ಧೂಳು. ಅಕ್ಕ ತನ್ನ ಓಢಣಿಯನ್ನೇ ಬಿಚ್ಚಿ ಹಾಯಿಗಳ ಮೇಲೆ ಹೊದಿಸಿದಳು. ಮೇಜಿನ ಮೇಲೆ ಇಟ್ಟು, ಅಲುಗಿದ್ದ ಎರಡು ದಾರ ಸರಿಮಾಡಿ, ಅಡುಗೆ ಕೆಲಸಕ್ಕೆ ಮನೆಗೆ ಓಡಿದಳು.

ಮಾಸ್ತರರು ರಟ್ಟಿನ ಚೀಟಿ ಹಿಡಿದು ಬಂದರು. "ಯಾರ್ಯಾರು ಮಾಡೀರೋ ಇದನ್ನ?" ಎಂದು ಕೇಳಿದರು. ಪಕ್ಕದ ಮೇಜಿನ ಹುಡುಗರು ನನ್ನನ್ನೇ ನೋಡುತ್ತಿದ್ದರು. ಶಾಲೆ ಬಿಟ್ಟ ಅಕ್ಕ ಮಾಡಿದ್ದು ಎಂದರೆ ನಗುತ್ತಾರೆ ಅನ್ನಿಸಿತು. "ನಾನು, ನಮ್ಮಪ್ಪ ಮಾಡೀವ್ರಿ" ಎಂದೆ. ಅವರು ಹಾಗೇ ಬರೆದು ಚೀಟಿಯನ್ನು ಹಡಗಿನ ಮುಂದೆ ನಿಲ್ಲಿಸಿದರು. ಅಷ್ಟೇ. ಎಷ್ಟು ಸುಲಭವಾಗಿ ಬಂತು ಆ ಮಾತು!

ಮಧ್ಯಾಹ್ನ ಅತಿಥಿ ಬಂದರು. ಯಾದಗಿರಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ, ಕಸೂತಿ ಕಲಿಸುವ ಶಾಲೆ ನಡೆಸುತ್ತಿದ್ದ ಮೇಡಂ ಅವರು. ಬಿಳಿ ಸೀರೆ, ದಪ್ಪ ಕನ್ನಡಕ. ಕರೆಂಟಿನ ಗಂಟೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಡಗಿನ ಮುಂದೆ ನಿಂತರು. ಬಾಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಈ ಗಂಟು ಯಾರು ಹಾಕ್ಯಾರ?"

ಆಗಲಾದರೂ ಹೇಳಬಹುದಿತ್ತು. ಹುಡುಗರೆಲ್ಲ ಸುತ್ತ ನೆರೆದಿದ್ದರು. ಎಂಜಿನಿಯರರ ಮಗ ತನ್ನ ಗಂಟೆ ಬಿಟ್ಟು ನನ್ನ ಮೇಜಿಗೆ ಬಂದಿದ್ದ.

"ನಾನೇ ಹಾಕೀನ್ರಿ."

"ಎಲ್ಲಾ ನೀನೇ?"

"ಹೌದ್ರಿ."

ಹೇಳಿ ತಲೆ ಎತ್ತಿದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ನನ್ನ ರೊಟ್ಟಿಯ ಗಂಟು. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ನನ್ನ ಮಾತು ಅವಳಿಗೆ ಕೇಳಿಸಿತ್ತು.

ಮೇಡಂ ತಮ್ಮ ಚೀಲದಿಂದ ಒಂದು ದಾರ ತೆಗೆದು ನನ್ನ ಕೈಗೆ ಕೊಟ್ಟರು. "ಒಂದು ಹಾಕಿ ತೋರ್ಸಪ್ಪ. ನಮ್ಮ ಹುಡುಗ್ಯಾರಿಗೂ ಕಲಿಸ್ತೀನಿ" ಎಂದರು. ಅವರಿಗೆ ಸಂಶಯವೇನೂ ಇರಲಿಲ್ಲ, ನಿಜವಾಗಿಯೇ ಕಲಿಯುವ ಆಸೆ. ನಾನು ದಾರ ಸುತ್ತಿದೆ. ಅದು ಬಿಚ್ಚಿಕೊಂಡಿತು. ಮತ್ತೆ ಸುತ್ತಿದೆ. ಬೆವರಿಗೆ ದಾರ ಬೆರಳಿಗೇ ಅಂಟಿಕೊಂಡಿತು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು.

ಆಗ ಅಕ್ಕ ಒಳಗೆ ಬಂದಳು.

"ಮಂದಿ ಮುಂದ ಅವನ ಕೈ ನಡಗ್ತಾವ್ರಿ. ಮನ್ಯಾಗ ಛಲೋ ಹಾಕ್ತಾನ್ರಿ" ಎಂದಳು.

"ನೀ ಯಾರವ್ವಾ?"

"ಅವನ ಅಕ್ಕರಿ."

"ಸಾಲಿಗಿ ಹೋಗ್ತಿಯೇನು?"

"ಇಲ್ರಿ. ಬಿಟ್ಟೀನ್ರಿ."

ಮೇಡಂ ನನ್ನ ತಲೆ ಸವರಿ ದಾರ ವಾಪಸ್ ತೆಗೆದುಕೊಂಡರು. ಮಾಸ್ತರರ ಕಡೆ ತಿರುಗಿ ಹೇಳಿದರು: "ಇಂಥಾ ಕೈ ಇರೋ ಒಂದು ಹುಡುಗಿ ಸಿಕ್ಕಿದ್ರ ಇವತ್ತೇ ಹೆಸರು ಬರಕೊಂಡು ಹೋಗ್ತಿದ್ದೆ ನೋಡ್ರಿ. ನಮ್ಮ ಸಾಲ್ಯಾಗ ಒಂದು ಜಾಗ ಖಾಲಿ ಅದ. ಊಟ, ವಸ್ತಿ ಎಲ್ಲಾ ಅಲ್ಲೇ. ಏನ್ ಮಾಡೋದು, ಇವ ಹುಡುಗ ಅದಾನ."

ಅಕ್ಕ ನನ್ನ ಮುಖ ನೋಡಿದಳು. ಕಾಯುತ್ತಿದ್ದಳು. ಒಂದು ಮಾತು ಸಾಕಿತ್ತು. ನಾನು ನೆಲ ನೋಡಿದೆ. ಮತ್ತೆ ತಲೆ ಎತ್ತುವಷ್ಟರಲ್ಲಿ ಅಕ್ಕ ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟು ಹೊರಟುಹೋಗಿದ್ದಳು.

ನನಗೆ ಮೊದಲ ಬಹುಮಾನ ಬಂತು. ಹೊಸ ಕಂಪಾಸ್ ಪೆಟ್ಟಿಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಪೆಟ್ಟಿಗೆಯ ಮುಚ್ಚಳ ತೆರೆಯಲು ನನಗೆ ಮನಸ್ಸಾಗಲಿಲ್ಲ. ರೊಟ್ಟಿಯ ಗಂಟು ಬಿಚ್ಚಿದರೆ, ನನಗೆ ಇಷ್ಟವೆಂದು ಅಕ್ಕ ಖಾರದ ಶೇಂಗಾ ಹಿಂಡಿಯ ಪುಡಿಗೆ ಎಣ್ಣೆ ಹಾಕಿ ಕಲಸಿಟ್ಟಿದ್ದಳು. ಎಲ್ಲವನ್ನೂ ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ನಾಯಿಗೆ ಹಾಕಿದೆ. ಅದೂ ಒಂದು ತಪ್ಪೇ.

ಸಂಜೆ ಅಪ್ಪ ಮರದ ಪುಡಿ ಕೊಡವುತ್ತ ಬಂದ. ಪೆಟ್ಟಿಗೆ ನೋಡಿ ಮುಖ ಅರಳಿತು. ಅಕ್ಕನನ್ನು ಕೂಗಿದ. "ಏ ಯವ್ವಾ, ನಿನ್ನ ಗಂಟು ನೋಡಿ ಏನಂದ್ರು?"

"ಚಂದ ಅದಾವ ಅಂದ್ರು" ಎಂದಳು ಅಕ್ಕ, ಒಲೆಯ ಮುಂದಿನಿಂದ ತಿರುಗದೆ.

"ಅಷ್ಟೇನಾ? ಹೆಸರು ಕೇಳಲಿಲ್ಲ?"

ಅಕ್ಕ ರೊಟ್ಟಿ ಬಡಿಯುತ್ತಲೇ ಇದ್ದಳು. ನನಗೆ ಅಳು ಒತ್ತರಿಸಿ ಬಂತು. ಬಿಕ್ಕುತ್ತ ಎಲ್ಲ ಹೇಳಿದೆ. ಚೀಟಿಯಲ್ಲಿ ಬರೆಸಿದ್ದು, ಮೇಡಂ ಕೇಳಿದ್ದು, ಖಾಲಿ ಇದ್ದ ಜಾಗ. ಅಪ್ಪ ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಬಿಚ್ಚಿದ್ದ ಅಂಗಿಯನ್ನು ಮತ್ತೆ ತೊಟ್ಟು, ಸೈಕಲ್ಲು ಹೊರಗೆ ತೆಗೆದ.

"ಹತ್ತು."

ಮೇಡಂ ಸರ್ಕಾರಿ ಬಂಗಲೆಯಲ್ಲಿ ಚಹಾ ಕುಡಿದು ಹೋಗುವರೆಂದು ಶಾಲೆಯಲ್ಲಿ ಕೇಳಿದ್ದೆ. ನಾನು ಮುಂದಿನ ಕಂಬಿಯ ಮೇಲೆ ಕೂತಿದ್ದೆ. ಏರಿನಲ್ಲಿ ಅಪ್ಪನ ಉಸಿರು ನನ್ನ ಕುತ್ತಿಗೆಗೆ ಬಡಿಯುತ್ತಿತ್ತು. ಬಂಗಲೆಯ ಗೇಟಿನಲ್ಲಿ ಚೌಕಿದಾರ ಚಹಾದ ಕಪ್ಪು, ಬಸಿ ತೊಳೆಯುತ್ತಿದ್ದ. "ಈಗ ಹೋದ್ರಲ್ಲೋ ಮಾರಾಯ. ಜೀಪು ಸುರಪುರ ದಾರಿ ಹಿಡೀತು" ಎಂದ. ರಸ್ತೆಯ ಮೇಲೆ ಧೂಳು ಇನ್ನೂ ಇಳಿದಿರಲಿಲ್ಲ.

ಅಪ್ಪ ಸೈಕಲ್ಲು ಹಿಡಿದು ಆ ಧೂಳನ್ನೇ ನೋಡುತ್ತ ನಿಂತ. ಆಮೇಲೆ ಹೇಳಿದ: "ಇಷ್ಟು ವರ್ಷ ಬಡಗಿತನ ಮಾಡೀನಿ. ಇನ್ನೊಬ್ರು ಮಾಡಿದ ಬಾಗ್ಲ ನಂದು ಅಂತ ಒಂದಿನಾನೂ ಅಂದಿಲ್ಲ. ನೀ ಮನ್ಯಾಗಿನ ಹುಡುಗೀದೇ ಕಸಗೊಂಡಿ." ಬರುವಾಗ ಸೈಕಲ್ಲಿನ ಮೇಲೆ ಕೂರಿಸಿಕೊಳ್ಳಲಿಲ್ಲ. ತಾನೂ ಹತ್ತಲಿಲ್ಲ. ಇಬ್ಬರೂ ನಡೆದೆವು.

ಮನೆಗೆ ಬಂದು ನನ್ನ ಕೈಯಿಂದಲೇ ಕಾಗದ ಬರೆಸಿದ. "ಗಂಟು ಹಾಕಿದ್ದು ನಾನಲ್ಲ. ನಾನು ಸುಳ್ಳು ಹೇಳಿದೆ. ಹಾಕಿದವಳು ನಮ್ಮ ಅಕ್ಕ. ಅವಳು ಬಾಗಿಲಲ್ಲಿ ನಿಂತಿದ್ದಳು." ಎರಡು ಸಲ ಕಣ್ಣೀರು ಬಿದ್ದು ಮಸಿ ಹರಡಿತು, ಎರಡು ಸಲ ಹರಿದು ಮತ್ತೆ ಬರೆಸಿದ. "ಬಿಡಪ್ಪ, ಸಣ್ಣವ ಅದಾನ" ಎಂದು ಅಕ್ಕ ಹೇಳಿದಳು. ಅಪ್ಪ ಬಿಡಲಿಲ್ಲ.

ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಆ ಜಾಗ ತುಂಬಿಹೋಗಿದೆ, ಮುಂದಿನ ವರ್ಷ ಕಳಿಸಿ ಎಂದು ಮೇಡಂ ಬರೆದಿದ್ದರು. ಕೆಳಗೆ ಒಂದು ಸಾಲು ನನಗೆ: "ಬರೆದದ್ದು ಒಳ್ಳೆಯದಾಯಿತು." ಅಕ್ಕ ಮುಂದಿನ ವರ್ಷ ಯಾದಗಿರಿಗೆ ಹೋದಳು. ತನಗಿಂತ ಸಣ್ಣ ಹುಡುಗಿಯರ ಜೊತೆ ಕೂತು ಕಲಿತಳು. ಮುಂದೆ ಸುರಪುರದಲ್ಲಿ ಹೊಲಿಗೆಯ ಟೀಚರಾಗಿ ಎಷ್ಟೋ ಹುಡುಗಿಯರಿಗೆ ಕಲಿಸಿದಳು. ಎಲ್ಲ ಒಳ್ಳೆಯದೇ ಆಯಿತಲ್ಲ ಅಜ್ಜ, ಎಂದು ನೀವು ಕೇಳಬಹುದು.

ಒಂದು ಆಗಲಿಲ್ಲ. ಪ್ರದರ್ಶನವಾದ ಮುಂದಿನ ರವಿವಾರ ಅಪ್ಪ ಹೊಸ ಹಡಗಿನ ಚೌಕಟ್ಟು ತೆಗೆದು ಪರಸಿಯ ಮೇಲಿಟ್ಟ. ನಾನು ಅಂಟು ಕಾಯಿಸಿದೆ. ಅಕ್ಕ ಬಂದಳು. ಮೇಣ ಸವರಿದ ದಾರದ ಉಂಡೆಯನ್ನು ನನ್ನ ಕೈಯಲ್ಲಿಟ್ಟು, "ನೀನೇ ಕಟ್ಟು ತಮ್ಮಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹೋಗಿ ಅಕ್ಕಿ ಆರಿಸುತ್ತ ಕೂತಳು. ಯಾದಗಿರಿಗೆ ಹೋಗುವವರೆಗಿನ ಆ ವರ್ಷವಿಡೀ ಅವಳು ಮತ್ತೆ ಹಡಗಿನ ಹತ್ತಿರ ಬರಲಿಲ್ಲ. ನಾನು ಕಲಿಯಲು ನೋಡಿದೆ. ನನ್ನ ಏಣಿಗಳೆಲ್ಲ ಸೊಟ್ಟ. ಕೆಲವು ವಾರಗಳಾದ ಮೇಲೆ ಅಪ್ಪ ಚೌಕಟ್ಟನ್ನು ಅಟ್ಟದ ಮೇಲಿಟ್ಟ. ನಮ್ಮ ಮನೆಯಲ್ಲಿ ಮತ್ತೆ ಹಡಗು ಆಗಲಿಲ್ಲ. ಕಾಗದದಲ್ಲಿ ಮೇಡಂಗೆ ಬರೆದ ಮಾತನ್ನು ಅಕ್ಕನಿಗೆ ಬಾಯಿಬಿಟ್ಟು ಹೇಳಲು ನನಗೆ ಆಗಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ.

ಈಗ ಈ ಶಹಾಪುರದ ಮನೆಗೆ ಹಡಗು ಪೆಟ್ಟಿಗೆಯಲ್ಲಿ ಬರುತ್ತದೆ. ನಿಮ್ಮಪ್ಪ ಫೋನಿನಲ್ಲಿ ಒತ್ತಿದರೆ ಮೂರನೆಯ ದಿನ ಬಾಗಿಲಿಗೆ ಬಂತು. ಯಂತ್ರ ಕತ್ತರಿಸಿದ ಪಟ್ಟಿಗಳು, ಅವಕ್ಕೆ ನಂಬರು, ವಾಸನೆಯೇ ಇಲ್ಲದ ಅಂಟು. ಹಗ್ಗ ಹೇಗೆ ಕಟ್ಟಬೇಕೆಂದು ತೋರಿಸುವ ವಿಡಿಯೊ ಕೂಡ ಇದೆ. ನೀವಿಬ್ಬರೂ ಫ್ಯಾನಿನ ಕೆಳಗೆ ಕೂತು ಕಟ್ಟುತ್ತೀರಿ, ಜಗಳಾಡುತ್ತೀರಿ, ಫೋಟೊ ತೆಗೆದು ಎಲ್ಲರಿಗೂ ಕಳಿಸುತ್ತೀರಿ. ತಪ್ಪಿ ಒಬ್ಬರ ಹೆಸರು ಬಿಟ್ಟರೆ ಅಳಿಸಿ ಮತ್ತೆ ಬರೆಯುತ್ತೀರಿ. ಮಾಸ್ತರರು ಬರೆದ ಆ ಚೀಟಿಯನ್ನು ನನಗೆ ಹಾಗೆ ಅಳಿಸಲಾಗಲಿಲ್ಲ.

ಮೊನ್ನೆ ರವಿವಾರ ನಿಮ್ಮ ನೂಲೇಣಿ ಸಡಿಲಾಗಿ ನೀವು ಸುರಪುರದ ಅಜ್ಜಿಗೆ ವಿಡಿಯೊ ಕಾಲ್ ಮಾಡಿದಿರಿ. ಅವಳು ಕನ್ನಡಕ ಏರಿಸಿ ನೋಡಿದಳು. "ಮ್ಯಾಲಿನ ಸುತ್ತು ಒಳಗ ತೊಗೋ. ಹಾಂ. ಈಗ ಜಗ್ಗು. ಉಸಿರು ಬಿಡಬ್ಯಾಡ" ಎಂದಳು. ಫೋನನ್ನು ಎತ್ತಿ ಹಿಡಿದಿದ್ದವನು ನಾನು, ಆದ್ದರಿಂದ ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಮೂರು ಗಂಟು ಆಗುವವರೆಗೆ ಕಲಿಸಿದಳು. ಆಮೇಲೆ ಕೇಳಿದಳು, "ಫೋನ್ ಯಾರು ಹಿಡಿದಾರ? ಕೈ ಭಾಳ ನಡಗ್ತಾವ."

"ನಾನೇ ಅಕ್ಕ" ಎಂದೆ. "ಅಕ್ಕ, ಆ ಹಡಗಿನ ಗಂಟು ನೀ ಹಾಕಿದ್ದು" ಎಂದೆ. ಇಷ್ಟು ವರ್ಷಗಳ ಮೇಲೆ ಅಷ್ಟೇ ಬಂತು.

"ಗೊತ್ತದ ತಮ್ಮಾ" ಎಂದಳು. "ಫೋನ್ ಸ್ವಲ್ಪ ಕೆಳಗ ಹಿಡಿ, ನನಗ ಹುಡುಗೂರ ಕೈ ಕಾಣವಲ್ವು."