ಕನ್ನಮ್ಮನವರ ಏಡಿ ಪಿನ್ನು

ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬೆಳಗಿನ ಐದಕ್ಕೇ ಧೂಪದ ವಾಸನೆ ಏಳುತ್ತದೆ. ಹೊಸಬರು ಆ ದಾರಿಯಲ್ಲಿ ಬಂದರೆ ಇಲ್ಲೆಲ್ಲೋ ಗುಡಿಯಿದೆ ಎಂದುಕೊಂಡು ಚಪ್ಪಲಿ ಬಿಡುವುದೂ ಉಂಟು. ಗುಡಿಯಿಲ್ಲ. ಇರುವುದು ಹಂಚಿನ ಮನೆಯ ಒಂದು ಜಗಲಿ, ಅದರ ಮೇಲೊಂದು ಇದ್ದಿಲ ಒಲೆ, ಒಲೆಯ ಮುಂದೆ ಕಾಲು ಮಡಚಿ ಕೂತ ಕನ್ನಮ್ಮ. ಕೆಂಡದಲ್ಲಿ ಕಾಯುತ್ತಿರುವುದು ಬೆಸುಗೆಯ ಕಡ್ಡಿ. ಘಮಘಮಿಸುವುದು ಬೆಸುಗೆಗೆ ಹಚ್ಚುವ ರಾಳ.

ಕನ್ನಮ್ಮನವರಿಗೆ ನಲವತ್ತೆರಡು ವರ್ಷ. ಅವರು ಮಾಡುವುದನ್ನು ಹೇಳಿದರೆ ಅದೂ ಒಂದು ಕೆಲಸವೇ ಎಂದು ಕೇಳುವವರೇ ಹೆಚ್ಚು. ಪಡಸಾಲೆಯ ರೇಡಿಯೋದಿಂದ ಅಡುಗೆಮನೆಗೋ ಒಳಕೋಣೆಗೋ ಇನ್ನೊಂದು ಸ್ಪೀಕರ್ ಎಳೆಸುತ್ತಾರಲ್ಲ, ಆ ವೈರಿನ ತುದಿಗೆ ಪಿನ್ನು ಹಾಕಿಕೊಡುತ್ತಾರೆ. ಅಷ್ಟೇ. ವೈರಿನ ಸಿಪ್ಪೆ ಸುಲಿಯುವುದು ಹಲ್ಲಿನಿಂದ. ಮುಂದಿನ ಎರಡು ಹಲ್ಲುಗಳ ನಡುವೆ ಅವರಿಗೊಂದು ಸಂದಿದೆ, ವೈರು ಅದರಲ್ಲಿ ಅಳತೆ ತೆಗೆದಂತೆ ಕೂರುತ್ತದೆ.

"ಶಿವಮೊಗ್ಗದ ಹಲ್ಲಿನ ಡಾಕ್ಟ್ರು ಆ ಸಂದು ಮುಚ್ಚಿಕೊಡ್ತೀನಿ ಅಂದ್ರು. ಬೇಡ ಸ್ವಾಮಿ, ಅದು ನನ್ನ ಸಾಮಾನು ಅಂದೆ," ಎನ್ನುತ್ತಾರೆ.

ಆರಕ್ಕೆ ಭದ್ರಾವತಿ ಆಕಾಶವಾಣಿ ಶುರುವಾಗುವ ಹೊತ್ತಿಗೆ ಹಿಂದಿನ ದಿನದ ಪಿನ್ನುಗಳು ಸಾಲಾಗಿ ಕಾದಿರುತ್ತವೆ. ಒಂದೊಂದನ್ನೇ ಗಂಡನ ರಿಪೇರಿ ಅಂಗಡಿಯ ರೇಡಿಯೋಕ್ಕೆ ಸಿಕ್ಕಿಸಿ, ಕಿವಿಯಿಟ್ಟು, ಕಿತ್ತು ಪಕ್ಕಕ್ಕಿಡುತ್ತಾರೆ. ದಿನಕ್ಕೆ ಎರಡು ಮೂರು, ಸಂತೆಯ ದಿನ ಐದಾರು. ಹಾಗಾಗಿ ಬೆಳಗಿನ ಭಕ್ತಿಗೀತೆಯನ್ನು ಅವರು ಇಡಿಯಾಗಿ ಕೇಳಿದ್ದೇ ಇಲ್ಲ. ಒಂದು ಪಿನ್ನಿಗೆ ಅರ್ಧ ಸಾಲಿನಂತೆ ಕೇಳಿದ್ದಾರೆ.

ಊರು ಹೊನ್ನೆಮರಡು ಕಡೆ. ಗೇಣಿಗೆ ಮಾಡುತ್ತಿದ್ದ ಗದ್ದೆ ಶರಾವತಿಯ ನೀರಿನಡಿ ಹೋದಾಗ ಗಂಡ ಗುತ್ಯಪ್ಪನವರ ಜೊತೆ ಸಾಗರಕ್ಕೆ ಬಂದರು. ಗುತ್ಯಪ್ಪ ಅಣೆಕಟ್ಟಿನ ಕ್ಯಾಂಪಿನಲ್ಲಿ ಕೂಲಿಯಾಗಿದ್ದಾಗ ಅಲ್ಲಿನ ಮೆಕ್ಯಾನಿಕ್ಕಿನ ಕೈಕೆಳಗೆ ರೇಡಿಯೋ ಬಿಚ್ಚುವುದನ್ನು ಕಲಿತಿದ್ದರು, ಜೋಡಿಸುವುದನ್ನು ಸಾಗರದಲ್ಲಿ ಕಲಿತರು. ರೇಡಿಯೋದ ಒಳಗಿನದೆಲ್ಲ ತಮ್ಮದು, ಹೊರಗಿನದು ಹೆಂಡತಿಯದು ಎಂದು ಕೆಲಸ ಹಂಚಿದವರೂ ಅವರೇ.

"ಪಿನ್ನು ಹಾಕೋದು ಅಂಗಿಗೆ ಗುಂಡಿ ಹಚ್ಚಿದ ಹಾಗೆ, ಅದಕ್ಕೆ ತಲೆ ಬೇಡ ಅಂದ್ರು ಇವ್ರು," ಎಂದು ಕನ್ನಮ್ಮ ಗಂಡನ ಕಡೆ ನೋಡುತ್ತಾರೆ. ಗುತ್ಯಪ್ಪ ಒಂದು ರೇಡಿಯೋದ ಹೊಟ್ಟೆಯೊಳಗೆ ತಲೆ ಹಾಕಿ, ಕೇಳಿಸದವರಂತೆ ಕೂತಿದ್ದಾರೆ. "ಸಸಿ ನೆಟ್ಟ ಕೈ ನಂದು. ಬೆರಳು ಹೇಳಿದ ಹಾಗೆ ಕೇಳ್ತವೆ. ಒಂದು ವಾರಕ್ಕೆ ಕಲಿತೆ."

ಆಗ ಅವರು ಹಾಕುತ್ತಿದ್ದುದು ಪೇಟೆಯಲ್ಲಿ ಸಿಗುವ, ಕರೆಂಟಿಗೆ ಬಳಸುವ ಎರಡು ಕಡ್ಡಿಯ ಪಿನ್ನು. ಬೇರೆ ಪಿನ್ನು ಸಿಗುತ್ತಿರಲಿಲ್ಲ, ಎಲ್ಲರೂ ಅದನ್ನೇ ಹಾಕುತ್ತಿದ್ದರು. ಹೊಸನಗರದ ಮುಕುಂದಯ್ಯನವರ ಮನೆಗೂ ಅದನ್ನೇ ಹಾಕಿಕೊಟ್ಟರು.

ಮುಕುಂದಯ್ಯ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೆಂಡತಿ ಮೀನಾಕ್ಷಮ್ಮನವರ ಹಟಕ್ಕೆ ಅಡುಗೆಮನೆಗೆ ಸ್ಪೀಕರ್ ಎಳೆಸಿದ್ದರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಸದ್ದೇ ಬರಲಿಲ್ಲ. ಮುಕುಂದಯ್ಯ ತನಿಖೆಗೆ ಇಳಿದರು. ವೈರಿನ ತುದಿ ರೇಡಿಯೋದಿಂದ ಕಳಚಿ ನೆಲದ ಮೇಲೆ ಬಿದ್ದಿತ್ತು. ಪಕ್ಕದ ಗೋಡೆಯಲ್ಲಿ ಖಾಲಿ ಸಾಕೆಟ್ಟಿತ್ತು. ಸಿಕ್ಕಿಸಿ, ಗುಂಡಿ ಒತ್ತಿ, ಹಾಡು ಬಂತೇ ಎಂದು ಕೇಳಲು ಅಡುಗೆಮನೆಯೊಳಗೆ ಹೋದರು.

ಹಾಡು ಬರಲಿಲ್ಲ. ಎಮ್ಮೆ ಕೂಗಿದಂಥ ಒಂದು ಸದ್ದು ಬಂದು, ಸ್ಪೀಕರಿನ ಕಾಗದದ ಹೊಟ್ಟೆ ಹರಿದು, ಹೊಗೆಯೆದ್ದು ಮನೆಯ ಫ್ಯೂಸು ಹೋಯಿತು. ಹಿಂದಕ್ಕೆ ಹಾರಿದ ಮುಕುಂದಯ್ಯ ದೋಸೆಹಿಟ್ಟಿನ ಪಾತ್ರೆಯಲ್ಲಿ ಕೂತರು.

"ಎರಡು ಕಡ್ಡಿ, ಎರಡು ತೂತು," ಎಂದು ಅವರು ಇವತ್ತಿಗೂ ವಾದಿಸುತ್ತಾರೆ. "ನಾನು ಎಂತ ತಿಳಿಯಬೇಕಿತ್ತು ಹೇಳಿ?"

ಯಾರಿಗೂ ಏನೂ ಆಗಲಿಲ್ಲ, ಹಿಟ್ಟೊಂದು ಹಾಳಾಯಿತು. ಆದರೆ ಮುಕುಂದಯ್ಯ ಸುಮ್ಮನಿರುವವರಲ್ಲ. ಕ್ಷೌರದ ಅಂಗಡಿಯಲ್ಲಿ, ಸೊಸೈಟಿಯ ಜಗಲಿಯಲ್ಲಿ, ತೀರ್ಥಹಳ್ಳಿಯ ಬಸ್ಸಿನಲ್ಲಿ, ಸಾಗರದ ಗುತ್ಯಪ್ಪ ತಮ್ಮನ್ನು ಕೊಲ್ಲಲು ನೋಡಿದ ಕಥೆ ಹೇಳಿದರು. ಪ್ರತಿ ಸಲ ಹೊಗೆ ಹೆಚ್ಚಾಯಿತು, ದೋಸೆಹಿಟ್ಟು ಮಾತ್ರ ಕಥೆಯೊಳಗೆ ಬರಲಿಲ್ಲ. ಹದಿನೈದು ದಿನದಲ್ಲಿ ಒಂಬತ್ತು ಮನೆಯವರು ಸ್ಪೀಕರ್ ಬಿಚ್ಚಿ ತಂದು ಅಂಗಡಿಯ ಮುಂದಿಟ್ಟರು. ಗುತ್ಯಪ್ಪ ಹೊಸನಗರದ ಬಸ್ಸು ಹತ್ತುವುದನ್ನೇ ಬಿಟ್ಟರು.

ಕನ್ನಮ್ಮನವರಿಗೆ ಅಂಗಡಿಯ ಹೆಸರಿಗಿಂತ ಬೇರೆಯೇ ಚಿಂತೆ. "ಆ ಪಿನ್ನು ಹಾಕಿದ್ದು ನಾನು. ಅವರ ಕೈ ಬರೀ ತಂತಿಗೆ ತಾಗಿದ್ರೆ? ಮೀನಾಕ್ಷಮ್ಮೋರು ಒದ್ದೆ ಕೈಲಿ ಪೆಟ್ಟಿಗೆ ಮುಟ್ಟಿದ್ರೆ? ಒಂದು ವಾರ ಅನ್ನ ಸೇರ್ಲಿಲ್ಲ ನಂಗೆ. ಇವ್ರು, ಅವರದ್ದೇ ತಪ್ಪು, ಗೋಡೆಗೆ ಯಾಕೆ ಚುಚ್ಚಬೇಕಿತ್ತು ಅಂದ್ರು. ತೂತು ಕಂಡ್ರೆ ಚುಚ್ಚೋದು ಮನುಷ್ಯರ ಗುಣ ಅಲ್ವಾ? ಹೋಗದ ಹಾಗೆ ಮಾಡೋದು ನಮ್ಮ ಕೆಲಸ."

ಮೂರು ವಾರ ಕೆಲಸವಿರಲಿಲ್ಲ. ಅಂಗಡಿ ಗುಡಿಸುತ್ತಿದ್ದಾಗ ಸುಟ್ಟುಹೋದ ವಾಲ್ವುಗಳ ಡಬ್ಬ ಕೈಗೆ ಬಂತು. ರೇಡಿಯೋದೊಳಗೆ ಕೆಂಪಗೆ ಉರಿಯುವ ಗಾಜಿನ ಬುಡ್ಡಿಗಳು ಇವು. ಒಂದೊಂದರ ಬುಡಕ್ಕೂ ವೃತ್ತವಾಗಿ ಎಂಟು ಕಡ್ಡಿ, ನಡುವೊಂದು ಗೂಟ, ಗೂಟಕ್ಕೊಂದು ಉಬ್ಬಿದ ಏಣು. ತನಗೆಂದೇ ಮಾಡಿದ ಕುಳಿಯಲ್ಲಿ, ಅದೂ ಒಂದೇ ದಿಕ್ಕಿಗೆ ತಿರುಗಿಸಿದರೆ ಮಾತ್ರ ಕೂರುತ್ತದೆ. ಕನ್ನಮ್ಮ ಗಾಜನ್ನು ಬಟ್ಟೆಯಲ್ಲಿ ಸುತ್ತಿ ಒಡೆದು, ಬುಡವನ್ನಷ್ಟೇ ಉಳಿಸಿಕೊಂಡರು. ಎರಡು ಕಡ್ಡಿಯೊಳಕ್ಕೆ ವೈರಿನ ಎರಡು ತಂತಿ ಇಳಿಸಿ ಬೆಸೆದರು. ಗಿರಾಕಿಯ ರೇಡಿಯೋದ ಬೆನ್ನಿಗೆ ಕೂರಿಸಲು ಹಳೆಯ ರೇಡಿಯೋದಿಂದ ಕುಳಿಯನ್ನೂ ಕಿತ್ತಿಟ್ಟರು. ಆಮೇಲೆ ಎದ್ದುಹೋಗಿ, ಮೇನ್ ಆರಿಸಿ, ಗೋಡೆಯ ಸಾಕೆಟ್ಟಿಗೆ ಪಿನ್ನನ್ನು ಒತ್ತಿ ನೋಡಿದರು. ಹೋಗಲಿಲ್ಲ.

"ಎಂಟು ಕಾಲು ಅಗಲಿಸಿಕೊಂಡು ಏಡಿ ಹಾಗೆ ಕಂಡ್ತು. ಏಡಿ ಪಿನ್ನು ಅಂದೆ."

ಗುತ್ಯಪ್ಪನವರಿಗೆ ಬೇಸರವಾಯಿತು. "ವಾಲ್ವು ಅಂದ್ರೆ ರೇಡಿಯೋದ ಜೀವ," ಎಂದು ಈಗಲೂ ಗೊಣಗುತ್ತಾರೆ. "ಅದರ ಬುಡ ತಂದು ಅಡುಗೆಮನೆ ವೈರಿಗೆ ಕಟ್ಟೋದಾ?"

ಅಷ್ಟರಲ್ಲಿ ಹೊಸನಗರದಿಂದ ಕಾರ್ಡು ಬಂತು, ಮೀನಾಕ್ಷಮ್ಮನವರದು. ಯಜಮಾನರು ಒಳಗಿನ ಸ್ಪೀಕರ್ ನಿಷೇಧಿಸಿದ್ದರಿಂದ ತಾವು ಪಡಸಾಲೆಗೆ ಹೋಗಿ ಮಹಿಳೆಯರ ಕಾರ್ಯಕ್ರಮ ಕೇಳುತ್ತಿರುವುದಾಗಿಯೂ, ಒಳಗೆ ಒಗ್ಗರಣೆ ಸೀಯುತ್ತಿರುವುದಾಗಿಯೂ, ಯಜಮಾನರು ಅದನ್ನೇ ಉಣ್ಣುತ್ತಿರುವುದಾಗಿಯೂ ಬರೆದಿದ್ದರು. ಕನ್ನಮ್ಮ ಮರುದಿನವೇ ಬಸ್ಸು ಹತ್ತಿದರು. ಗುತ್ಯಪ್ಪನವರೂ ಹೊರಟರು, ಆದರೆ ಮುಕುಂದಯ್ಯನವರ ಬೇಲಿಯ ಹೊರಗೆ ಬೀಡಿ ಹಚ್ಚಿಕೊಂಡು ನಿಂತುಬಿಟ್ಟರು.

ಮುಕುಂದಯ್ಯ ಜಗಲಿಯಲ್ಲೇ ತಡೆದರು. "ಇನ್ನೊಂದು ಸಲ ಕೊಲ್ಲೋಕೆ ಬಂದ್ಯಾ?"

"ಇಲ್ಲ ಅಯ್ಯಾ. ಹೋದ ಸಲ ತಪ್ಪು ನಂದೇ. ಈ ಪಿನ್ನು ಗೋಡೆಗೆ ಹೋಗಲ್ಲ."

"ಹೋಗಲ್ಲ ಅಂತ ಯಾರು ಹೇಳಿದ್ರು?"

"ನೀವೇ ನೋಡಿ," ಎಂದು ಕನ್ನಮ್ಮ ಫ್ಯೂಸು ಕಿತ್ತು ಸೆರಗಿಗೆ ಗಂಟುಹಾಕಿಕೊಂಡು, ಏಡಿ ಪಿನ್ನನ್ನು ಅವರ ಕೈಗಿತ್ತರು.

ಮುಕುಂದಯ್ಯ ನೇರವಾಗಿ ಒತ್ತಿದರು, ಓರೆಯಾಗಿ ಒತ್ತಿದರು. ಕನ್ನಡಕ ತೆಗೆದು ಒತ್ತಿದರು, ಹಾಕಿಕೊಂಡು ಒತ್ತಿದರು. ಮನೆಯಲ್ಲಿ ಮೂರು ಸಾಕೆಟ್ಟಿದ್ದವು, ಮೂರಕ್ಕೂ ಹೋದರು. ಕಾಫಿ ಬಂತು, ಆರಿತು. ಮುಕ್ಕಾಲು ಗಂಟೆಯ ಮೇಲೆ ಬೆವರೊರೆಸಿಕೊಳ್ಳುತ್ತ ಕುರ್ಚಿಯಲ್ಲಿ ಕೂತು, ಕಚೇರಿಯ ಧ್ವನಿಯಲ್ಲಿ, "ಹೋಗುವುದಿಲ್ಲ," ಎಂದು ತೀರ್ಮಾನ ಕೊಟ್ಟರು.

ಬಾಗಿಲ ಮರೆಯಿಂದ ಮೀನಾಕ್ಷಮ್ಮ ಕೇಳಿದರು: "ಹಾಗಾದ್ರೆ ಹಾಕಿಸಬಹುದಾ?"

"ನಾನು ಪರೀಕ್ಷೆ ಮಾಡಿದ ಮೇಲೆ ಇನ್ನೆಂತ ಭಯ?"

ಮುಂದಿನ ವಾರದಿಂದ ಕ್ಷೌರದ ಅಂಗಡಿಯಲ್ಲಿ ಹೊಸ ಕಥೆ ಶುರುವಾಯಿತು. ಅದರಲ್ಲಿ ಪಿನ್ನನ್ನು ಪರೀಕ್ಷಿಸಿ ಮಂಜೂರು ಮಾಡಿದವರು ಮುಕುಂದಯ್ಯ. ಕನ್ನಮ್ಮನವರ ಹೆಸರು ಅದರಲ್ಲಿ ಬರುವುದಿಲ್ಲ. ಬರಲಿ ಎಂದು ಅವರು ಆಸೆಪಟ್ಟಂತೆಯೂ ಕಾಣೆ. ಬಿಚ್ಚಿದ ಒಂಬತ್ತು ಸ್ಪೀಕರುಗಳೂ ಮನೆ ಸೇರಿದವು. ಈಗ ಮೂರು ತಾಲ್ಲೂಕುಗಳಲ್ಲಿ ಎರಡು ಸಾವಿರದ ಹತ್ತಿರ ಏಡಿ ಪಿನ್ನುಗಳಿವೆ. ಮೇಳಿಗೆಯ ಕಡೆಯ ರೇಡಿಯೋದವರೂ ಸುಟ್ಟ ವಾಲ್ವುಗಳನ್ನು ಎಸೆಯದೆ ಬಸ್ಸಿನಲ್ಲಿ ಇವರಿಗೆ ಕಳಿಸುತ್ತಾರೆ.

ಏನಾದರೂ ಆಸೆಯಿದೆಯೇ ಎಂದು ಕೇಳಿದೆ. ಬೆನ್ನಿಗೊಂದು ಒರಗು ಇರುವ ಮಣೆ ಬೇಕು, ಬಡಗಿಗೆ ಹೇಳಿದ್ದೇನೆ ಎಂದರು. ಹೊರಡುವಾಗ, ಇಷ್ಟು ಪಿನ್ನಿನಲ್ಲಿ ಕೆಟ್ಟು ವಾಪಸು ಬಂದದ್ದೆಷ್ಟು ಎಂದೂ ಕೇಳಿದೆ. ಕನ್ನಮ್ಮ ಕಡ್ಡಿಯನ್ನು ಕೆಂಡಕ್ಕಿಟ್ಟರು.

"ಒಂದು ಬಂತು, ಅರಳಸುರಳಿಯಿಂದ. ಇಲಿ ತಿಂದಿತ್ತು. ವೈರು ಪೂರ್ತಿ ತಿಂದು, ಸ್ಪೀಕರಿನ ಕಾಗದಾನೂ ತಿಂದು, ಪಿನ್ನಿನ ಹತ್ರ ಬಂದು ನಿಲ್ಲಿಸಿತ್ತು," ಎಂದರು. "ಬೆಸುಗೆ ಹಾಗೇ ಇತ್ತು."